ಕನ್ನಡದ ಪ್ರಶ್ನೆಪತ್ರಿಕೆಗೇಕೆ ತಡ?

ಕಾಸರಗೋಡಿನಲ್ಲಿ ಎರಡೂ ಮಾಧ್ಯಮಗಳಿರುವ ಶಾಲೆಯೊಂದರ ಕಚೇರಿ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಪ್ರಿಂಟರ್. ಪರೀಕ್ಷೆಯ ಬೆಳಿಗ್ಗೆ ಮಲಯಾಳದ ಪ್ರಶ್ನೆಪತ್ರಿಕೆಗಳು ಸರಸರನೆ ಹೊರಬರುತ್ತವೆ. ಕನ್ನಡದವು ಪುಟಪುಟಕ್ಕೂ ನಿಲ್ಲುತ್ತವೆ. ಮಾತೃಭಾಷಾ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಆಸರೆಯಿದೆ ನಿಜ. ಬೆಂಚಿನಲ್ಲಿ ಕುಳಿತ ಮಗುವಿಗೆ ಬೇಕಾದುದು ಕಾಗದ.

ದೋಷ ಲಿಪಿಯದಲ್ಲ. ಮಲಯಾಳದ್ದು ಬೆರಳಚ್ಚಿನ ಕಡತ. ಕನ್ನಡದ್ದು ಕೈಬರಹವನ್ನು ಸ್ಕ್ಯಾನ್ ಮಾಡಿದ ಚಿತ್ರ. 600 ಡಿಪಿಐಯ ಒಂದು ಎ4 ಪುಟದಲ್ಲಿ ಸುಮಾರು ಮೂರೂವರೆ ಕೋಟಿ ಚುಕ್ಕೆಗಳಿರುತ್ತವೆ. 300ಕ್ಕೆ ಇಳಿಸಿದರೆ ಅದರ ಕಾಲುಭಾಗ. ಓದಲು ಅಷ್ಟು ಧಾರಾಳ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಇನ್ನೂ ಹಗುರ.

ಸರದಿಯ ಮುಂದಿರುವ ಒಂದು ಭಾರದ ಕಡತ ಹಿಂದಿನವನ್ನೆಲ್ಲ ತಡೆಯುತ್ತದೆ. ಹೊಸ ಯಂತ್ರಕ್ಕೆ ಅರ್ಜಿ ಬರೆಯುವ ಮೊದಲು ಪರದೆಯಲ್ಲಿ ಆ ಸರದಿಯನ್ನು ತೆರೆದು, ಸಿಲುಕಿದ್ದನ್ನು ಅಳಿಸಿ ನೋಡಬೇಕು.