ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ: ಪರದೆ ಕೆಟ್ಟರೆ ಗುಜರಿಗೆ ಹಾಕಬೇಡಿರಿ



ಮೊಬೈಲ್ ಬರುವ ಮೊದಲು ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಅಂಗಡಿಗಳಿದ್ದದ್ದು ತಮಗೆ ನೆನಪಿರಬಹುದು. 1991ರ ‘ಸ್ಟ್ರೀಟ್ ಫೈಟರ್ 2’, ಹುಡುಗರು ‘ಮುಸ್ತಫಾ’ ಎಂದೇ ಕರೆಯುತ್ತಿದ್ದ 1993ರ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಆಗ ಬಲು ಪ್ರಸಿದ್ಧ. ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಸದಸ್ಯರಲ್ಲಿ ಯಾರ ಬಳಿಯಾದರೂ ಅಂಥ ಪೆಟ್ಟಿಗೆ ಉಳಿದಿದ್ದರೆ, ಚಿತ್ರ ಬರುತ್ತಿಲ್ಲವೆಂದು ಗುಜರಿಗೆ ಕೊಡುವ ಮುನ್ನ ಇದನ್ನು ಓದಬೇಕಾಗಿ ವಿನಂತಿ. ಅದರೊಳಗಿನ ದಪ್ಪ ಪಿಕ್ಚರ್ ಟ್ಯೂಬ್ ಹೊಸದಾಗಿ ಸಿಗುವುದು ದುರ್ಲಭ. ಆದರೆ ಎಷ್ಟೋ ಸಲ ಕೆಟ್ಟಿರುವುದು ಟ್ಯೂಬ್ ಅಲ್ಲ, ಕೆಲವೇ ರೂಪಾಯಿಯ ಬಿಡಿಭಾಗ.

ಮೊದಲಿಗೆ ಎಚ್ಚರಿಕೆ. ಕಲರ್ ಟ್ಯೂಬಿನಲ್ಲಿ 20,000 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಹಿಂಬದಿ ತೆರೆಯುವ ಕೆಲಸವನ್ನು ಹಳೆಯ ಟಿವಿ ಮೆಕ್ಯಾನಿಕರಿಗೇ ಬಿಡತಕ್ಕದ್ದು. ಲಕ್ಷಣ ಗುರುತಿಸಿ ಅವರಿಗೆ ಹೇಳುವುದು ನಮ್ಮ ಕೆಲಸ.

1. ಶಬ್ದ ಬರುತ್ತದೆ, ಪರದೆ ಕಪ್ಪು: ಆಟದ ಬೋರ್ಡ್ ನಡೆಯುತ್ತಿದೆ ಎಂದರ್ಥ. ಟ್ಯೂಬಿನ ಕುತ್ತಿಗೆಯಲ್ಲಿ ಕೆಂಡದಂಥ ಬೆಳಕು ಇಲ್ಲದಿದ್ದರೆ ಮಾನಿಟರಿನ ಫ್ಯೂಸ್, ಪವರ್ ಸಪ್ಲೈ, ಇಎಚ್‌ಟಿ ಟ್ರಾನ್ಸ್‌ಫಾರ್ಮರ್ ಪರೀಕ್ಷಿಸಬೇಕು.

2. ನಡುವೆ ಒಂದೇ ಅಡ್ಡಗೆರೆ: ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಭಾಗ ನಿಂತಿದೆ. ಆ ಐಸಿ ಅಥವಾ ಸಡಿಲಾದ ಬೆಸುಗೆ ಕಾರಣವಿರಬಹುದು. ಕೂಡಲೇ ಆಫ್ ಮಾಡಿರಿ; ಇಲ್ಲದಿದ್ದರೆ ಪರದೆಯ ಮೇಲೆ ಆ ಗೆರೆ ಕಾಯಂ ಸುಟ್ಟು ಉಳಿಯುತ್ತದೆ.

3. ಚಿತ್ರ ಉರುಳುತ್ತದೆ, ಓರೆಯಾಗಿ ಹರಿಯುತ್ತದೆ: ಸಿಂಕ್ ವೈರ್ ಮತ್ತು ಹೋಲ್ಡ್ ತಿರುಪು ನೋಡಿರಿ. ನಮ್ಮ ದೇಶದ ಟಿವಿ ಸೆಕೆಂಡಿಗೆ 50 ಸಲ ಪರದೆ ಬರೆದರೆ, ಈ ಆಟಗಳು ಸುಮಾರು 60 ಸಲ ಬರೆಯುತ್ತವೆ. ಟಿವಿ ಚಾಸಿಸ್ ಅಳವಡಿಸಿದ ಪೆಟ್ಟಿಗೆಗಳಲ್ಲಿ ಇದನ್ನು ಹೊಂದಿಸಬೇಕಾಗುತ್ತದೆ.

4. ಒಂದು ಬಣ್ಣ ಇಲ್ಲ: ಉದಾಹರಣೆಗೆ ಕೆಂಪು. ಪವರ್ ಆಫ್ ಇದ್ದಾಗ ಮಾನಿಟರ್ ಬಳಿ ಕೆಂಪು, ಹಸಿರು ವೈರ್ ಅದಲು ಬದಲು ಮಾಡಿಸಿರಿ. ಈಗ ಹಸಿರು ಮಾಯವಾದರೆ ದೋಷ ಬೋರ್ಡ್ ಅಥವಾ ವೈರಿನದು. ಕೆಂಪೇ ಇಲ್ಲದಿದ್ದರೆ ಮಾನಿಟರಿನದು.

5. ಅಂಚು ಅಲೆಅಲೆ, ಚಿತ್ರ ಕುಗ್ಗಿದೆ: ವರ್ಷಗಳ ಬಿಸಿಗೆ ಕೆಪಾಸಿಟರುಗಳು ಒಣಗಿರುತ್ತವೆ. ಬದಲಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ.

6. ಮೂಲೆಯಲ್ಲಿ ಬಣ್ಣದ ಕಲೆ: ಹತ್ತಿರದ ಸ್ಪೀಕರಿನ ಅಯಸ್ಕಾಂತ ಕಾರಣವಿರಬಹುದು. ಸ್ಪೀಕರ್ ದೂರ ಸರಿಸಿ, ಡಿಗಾಸಿಂಗ್ ಕಾಯಿಲ್ ಆಡಿಸಿದರೆ ಹೋಗುತ್ತದೆ.

7. ಚಿತ್ರ ಸ್ಥಿರ, ಆದರೆ ಗೊಂಬೆಗಳು ಚೂರುಚೂರು: ಮಾನಿಟರ್ ಮುಟ್ಟಬೇಡಿರಿ. ಬೋರ್ಡಿನ ಕನೆಕ್ಟರ್ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ, ಬೋರ್ಡಿಗೆ 5 ವೋಲ್ಟ್ ಸರಿಯಾಗಿ ತಲುಪುತ್ತಿದೆಯೇ ಅಳೆಯಿಸಿರಿ.

ಟ್ಯೂಬಿನ ಗಾಜಿನಲ್ಲಿ ಸೀಸವಿದೆ, ಒಳಗೆ ಗಾಳಿಯಿಲ್ಲ. ಒಡೆದರೆ ಚೂರು ಸಿಡಿಯುತ್ತದೆ, ತಿಪ್ಪೆಗೆ ಎಸೆಯಬಾರದು.

ಟ್ಯೂಬ್ ಟಿವಿ ರಿಪೇರಿ ಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಪೆಟ್ಟಿಗೆ ಇದ್ದವರು, ಕೆಲಸ ಬಲ್ಲವರು, ಕಲಿಯುವ ಆಸೆಯಿರುವ ಯುವಕರು ಸಂಘಕ್ಕೆ ತಿಳಿಸಿದರೆ ಮೂವರನ್ನೂ ಒಂದು ಕಡೆ ಕೂಡಿಸಲು ನಾವು ಸಿದ್ಧರಿದ್ದೇವೆ.

– ಕಾರ್ಯದರ್ಶಿ