ದೂರವಾಣಿ ತಂತಿಯೂ ಬ್ರಾಡ್‌ಬ್ಯಾಂಡಿನ ಅಸ್ಥಿರತೆಯೂ

ದೂರವಾಣಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತಿರುವಾಗ ತಂತಿಯಲ್ಲಿ ದೋಷವಿದೆಯೆಂದು ಹೇಗೆ ನಂಬುವುದು? ಬ್ರಾಡ್‌ಬ್ಯಾಂಡ್ ಪದೇ ಪದೇ ಕಡಿದುಹೋಗುವ ಮನೆಗಳಲ್ಲಿ ಈ ಸಂದೇಹ ಸಹಜವಾದುದು. ಆದರೆ ಮಾತಿಗೆ ಸೆಕೆಂಡಿಗೆ ನಾಲ್ಕು ಸಾವಿರಕ್ಕಿಂತ ಕಡಿಮೆ ಕಂಪನಗಳು ಸಾಕು. ಭಾರತ ಸಂಚಾರ ನಿಗಮವು 2005ರಲ್ಲಿ ಆರಂಭಿಸಿದ ಬ್ರಾಡ್‌ಬ್ಯಾಂಡ್ ಸೇವೆಯು ಆಶ್ರಯಿಸಿದ ಎ.ಡಿ.ಎಸ್.ಎಲ್. ಪದ್ಧತಿಯಾದರೋ ಸುಮಾರು 26 ಕಿಲೋಹರ್ಟ್ಸ್‌ನಿಂದ 1100ರವರೆಗೆ, ಸುಧಾರಿತ ರೂಪದಲ್ಲಿ 2200ರವರೆಗೆ ಕಂಪನಗಳನ್ನು ಬಳಸುತ್ತದೆ. ಕಂಪನಾಂಕ ಏರಿದಂತೆಲ್ಲ ತಾಮ್ರದಲ್ಲಿ ಸಂಕೇತವು ಬೇಗನೆ ಕ್ಷೀಣಿಸುವುದರಿಂದ, ಮಾತಿಗೆ ಲೆಕ್ಕಕ್ಕೆ ಬಾರದ ದೋಷವೂ ಇದಕ್ಕೆ ದೊಡ್ಡ ಅಡ್ಡಿಯಾಗುತ್ತದೆ. ವಿಚಿತ್ರವೆಂದರೆ, ಎರಡು ಎಳೆಗಳಲ್ಲಿ ಒಂದು ತುಂಡಾಗಿ ಮಾತು ಪೂರ್ಣ ನಿಂತಾಗಲೂ ಬ್ರಾಡ್‌ಬ್ಯಾಂಡ್ ಕುಂಟುತ್ತ ನಡೆಯುವುದುಂಟು!

ಕಲಬುರಗಿಯಲ್ಲಿ 2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿ, ಶಾಲೆಗಳು ಮುಚ್ಚಿ, ಪಾಠವು ಮನೆಯೊಳಗೆ ಬಂದಾಗ ಈ ತಂತಿಯ ಬೆಲೆ ಎಲ್ಲರಿಗೂ ತಿಳಿಯಿತು. ಪಾಠದ ನಡುವೆ ಸಂಪರ್ಕ ಕಡಿದರೆ ವಿದ್ಯಾರ್ಥಿಗೆ ಆ ದಿನವೇ ಹೋದಂತೆ. ಈಗ ಅನೇಕ ಕಡೆ ಗಾಜಿನ ಎಳೆಯು ತಾಮ್ರದ ಸ್ಥಾನವನ್ನು ಪಡೆಯುತ್ತಿದೆ. ಖೂಬಾ ಪ್ಲಾಟಿನಂತಹ ಬಡಾವಣೆಗಳಲ್ಲಿ ತಾಮ್ರವೇ ಉಳಿದಿರುವ ಮನೆಗಳಿದ್ದರೆ ಅವುಗಳಿಗೆ ಈ ಮಾತು.

ಸಂಪರ್ಕ ಕಡಿದಾಗ ಮೊದಲು ಮೋಡೆಮ್ಮಿನ ಡಿ.ಎಸ್.ಎಲ್. ದೀಪವನ್ನು ನೋಡಬೇಕು. ಅದು ಸ್ಥಿರವಾಗಿದ್ದರೆ ತಂತಿಯನ್ನು ದೂರುವಂತಿಲ್ಲ. ವೈಫೈ ಗೋಡೆಗಳನ್ನು ದಾಟುತ್ತಿಲ್ಲವೆಂದೇ ಬಹುಮಟ್ಟಿಗೆ ಅರ್ಥ. ಗಣಕಯಂತ್ರವನ್ನು ಕೇಬಲ್ಲಿನಿಂದಲೇ ಜೋಡಿಸಿ ನೋಡಿದರೆ ನಿರ್ಣಯವಾಗುತ್ತದೆ. ದೀಪವೇ ಮಿನುಗತೊಡಗಿದರೆ ಕಾಲವನ್ನು ಗಮನಿಸಬೇಕು. ಕರೆ ಬಂದೊಡನೆ ಕಡಿಯುವುದಾದರೆ, ಗಂಟೆ ಬಾರಿಸಲು ಬರುವ ಸುಮಾರು 75 ವೋಲ್ಟಿನ ವಿದ್ಯುತ್ತು ಸಡಿಲ ಜೋಡಣೆಯನ್ನು ಕದಲಿಸುತ್ತಿದೆ, ಅಥವಾ ಯಾವುದೋ ದೂರವಾಣಿಗೆ ಸ್ಪ್ಲಿಟ್ಟರ್ ಇಲ್ಲ. ಮಳೆಯ ದಿನಗಳಲ್ಲಿ ಮಾತ್ರ ಕಡಿದರೆ ಕಂಬದ ಪೆಟ್ಟಿಗೆಯ ಜೋಡಣೆಗೆ ನೀರಿಳಿದು ಕಿಲುಬು ಹಿಡಿದಿರಬೇಕು. ನೆಲದೊಳಗಿನ ಕೇಬಲ್ಲಾದರೆ ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದೂ ಅದಕ್ಕೆ ಒಳ್ಳೆಯದಲ್ಲ. ಕತ್ತಲಾದ ಮೇಲೆ ಹದಗೆಟ್ಟರೆ ಬಾನುಲಿಯನ್ನು ನೆನೆಯಬೇಕು. ಮಧ್ಯಮ ತರಂಗಗಳು ಈ ಕಂಪನಗಳ ವಲಯದಲ್ಲಿಯೇ ಇದ್ದು, ರಾತ್ರಿ ಬಹುದೂರದಿಂದ ಬಂದು ತಂತಿಯನ್ನು ಸೇರುತ್ತವೆ.

ಮುಖ್ಯ ಪರೀಕ್ಷೆ ಇನ್ನೊಂದಿದೆ. ತಂತಿ ಮನೆಯನ್ನು ಪ್ರವೇಶಿಸುವ ಮೊದಲ ಪೆಟ್ಟಿಗೆಯಲ್ಲಿ ಒಳಗಿನ ತಂತಿಗಳನ್ನೆಲ್ಲ ಬಿಡಿಸಿ, ಮೋಡೆಮ್ಮೊಂದನ್ನೇ ಗಿಡ್ಡ ತಂತಿಯಿಂದ ಜೋಡಿಸಿ ಒಂದು ದಿನ ಬಿಡಬೇಕು. ಆಗ ಸ್ಥಿರವಾದರೆ ದೋಷ ಮನೆಯೊಳಗಿದೆ: ಮಹಡಿಗೆ ಎಳೆದ ಹಳೆಯ ಎಕ್ಸ್‌ಟೆನ್ಷನ್, ಟೇಪು ಸುತ್ತಿದ ಗಂಟು, ಇನ್ವರ್ಟರಿನ ಪಕ್ಕದಲ್ಲೇ ಹಾದ ತಂತಿ. ಆಗಲೂ ಕಡಿದರೆ ದೋಷ ಬಹುತೇಕ ಹೊರಗಿನದು. ಅಂಗಡಿಯವರು ಮೊದಲಿಗೇ ಹೇಳುವ ಹೊಸ ಮೋಡೆಮ್ ನನ್ನ ಮತದಲ್ಲಿ ಕೊನೆಯ ಉಪಾಯ.

ಮೋಡೆಮ್ಮಿನ ಪುಟದಲ್ಲಿ ಎರಡು ಅಂಕಿಗಳಿರುತ್ತವೆ. ಕ್ಷೀಣತೆಯು ತಂತಿಯ ಉದ್ದವನ್ನವಲಂಬಿಸಿದುದು; ಅದು ದಿನದಿಂದ ದಿನಕ್ಕೆ ಹೆಚ್ಚು ಬದಲಾಗದು. ಸದ್ದಿಗಿಂತ ಸಂಕೇತವು ಎಷ್ಟು ಮೇಲಿದೆಯೆಂಬ ಅಂತರವಾದರೋ ಗಳಿಗೆಗೊಮ್ಮೆ ಬದಲಾಗಬಹುದು. 6 ಡೆಸಿಬೆಲ್ಲಿಗಿಂತ ಕೆಳಗಿಳಿದರೆ ಸಂಪರ್ಕ ಅಸ್ಥಿರವಾಗತೊಡಗುತ್ತದೆ. ಈ ಅಂಕಿಗಳನ್ನೂ ಕಡಿದ ವೇಳೆಯನ್ನೂ ಮೂರು ದಿನ ಬರೆದಿಟ್ಟು ದೂರಿನೊಡನೆ ಕೊಟ್ಟರೆ, ಲೈನ್‌ಮನ್ನನು ದೂರವಾಣಿಯನ್ನು ಎತ್ತಿ "ಮಾತು ಸರಿಯಾಗಿದೆ" ಎಂದು ಹೊರಡುವ ಬದಲು ಕಂಬದ ಪೆಟ್ಟಿಗೆಯನ್ನು ತೆರೆಯುತ್ತಾನೆ.