ಅಚ್ಚಿಗೆ ಕೊಡುವ ಮುನ್ನ

ಶುಭಕಾರ್ಯವಿರಲಿ, ಹಿರಿಯರ ಪುಣ್ಯಸ್ಮರಣೆಯಿರಲಿ, ಶ್ರೀಮಠದ ಜಾತ್ರಾ ಮಹೋತ್ಸವವಿರಲಿ, ಅಚ್ಚಾದ ಕಾಗದವೊಂದು ಕೈಸೇರದೆ ನಮ್ಮ ಮನೆತನಗಳಲ್ಲಿ ಕಾರ್ಯವು ಆರಂಭವಾದಂತೆ ಎನಿಸುವುದಿಲ್ಲ. ಲಗ್ನಪತ್ರಿಕೆ, ಆಮಂತ್ರಣ, ಸ್ಮರಣ ಸಂಚಿಕೆ, ವಂಶಾವಳಿಯ ಕಿರುಹೊತ್ತಗೆ ಇವೆಲ್ಲವೂ ಇಂದು ಗಣಕಯಂತ್ರದಲ್ಲಿ ಸಿದ್ಧಗೊಂಡು ಕಡತದ, ಅರ್ಥಾತ್ ಫೈಲಿನ, ರೂಪದಲ್ಲಿ ಮುದ್ರಣಾಲಯವನ್ನು ಸೇರುತ್ತವೆ. ಮನೆಯ ಮಗನೋ ಮೊಮ್ಮಗಳೋ ಕುಳಿತಲ್ಲಿಯೇ ಅಕ್ಷರ ಜೋಡಿಸಿ ಕ್ಷಣಾರ್ಧದಲ್ಲಿ ಕಳುಹಿಸಿಬಿಡುವರು. ಕೆಲಸವು ಹಗುರವಾದುದು ಸಂತೋಷದ ಸಂಗತಿಯೇ ಸರಿ. ಆದರೆ ಹೀಗೆ ಹಗುರವಾಗುವಾಗ ಹೊಣೆಯೊಂದು ಸದ್ದಿಲ್ಲದೆ ಮುದ್ರಕರ ಹೆಗಲಿನಿಂದ ಗೃಹಸ್ಥರ ಹೆಗಲಿಗೆ ಸರಿದಿದೆ. ಅದನ್ನು ವಾಚಕ ಬಂಧುಗಳ ಗಮನಕ್ಕೆ ತರುವುದೇ ನಮ್ಮ ಉದ್ದೇಶ.

ಅಂದು ಇದ್ದ ಕಣ್ಣುಗಳು

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಕೈಬರಹಕ್ಕೂ ಕಾಗದಕ್ಕೂ ನಡುವೆ ಹಲವು ಕಣ್ಣುಗಳಿದ್ದವು. ಮೊಳೆ ಜೋಡಿಸುವವರು ಒಂದೊಂದು ಅಕ್ಷರವನ್ನೂ ಓದಿಯೇ ಕೈಗೆತ್ತಿಕೊಳ್ಳಬೇಕಾಗಿತ್ತು. ಆ ಬಳಿಕ ಕರಡಚ್ಚು ತೆಗೆದು, ತಿದ್ದಿ, ಮತ್ತೊಮ್ಮೆ ಕರಡು ತೆಗೆಯುತ್ತಿದ್ದರು. ಅನುಮಾನ ಬಂದರೆ ಕರ್ತೃವಿಗೆ ಹೇಳಿಕಳುಹಿಸುತ್ತಿದ್ದರು. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಬೆಳಕಿಗೆ ತಂದು, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರೆಂಬುದು ನಮ್ಮ ಸಮಾಜಕ್ಕೆ ತಿಳಿದ ವಿಷಯ. ಆದರೆ ಯಂತ್ರವು ಅವರ ಪರಿಶ್ರಮದ ಕೊನೆಯ ಹೆಜ್ಜೆ ಮಾತ್ರ. ತಾಳೆಗರಿಗಳನ್ನು ಹುಡುಕಿ, ಓದಿ, ಪ್ರತಿ ತೆಗೆದು, ಶುದ್ಧಪಡಿಸಿದ ಕಾರ್ಯವು ಅದಕ್ಕಿಂತ ಮುಂಚಿನದು.

ಇಂದು ಆ ನಡುವಣ ಕಣ್ಣುಗಳು ಇಲ್ಲವೆಂದೇ ಹೇಳಬೇಕು. ಆಫ್‌ಸೆಟ್ ಮುದ್ರಣಾಲಯಗಳಲ್ಲಿ ಕಡತದಿಂದ ನೇರವಾಗಿ ಲೋಹದ ಪ್ಲೇಟು ತಯಾರಾಗುತ್ತದೆ. ಡಿಜಿಟಲ್ ಮುದ್ರಣದಲ್ಲಂತೂ ಪ್ಲೇಟೂ ಬೇಕಿಲ್ಲ. ಕೊಟ್ಟದ್ದನ್ನು ಕೊಟ್ಟಂತೆಯೇ ಅಚ್ಚು ಮಾಡುವುದು ಯಂತ್ರದ ಧರ್ಮ. ತಪ್ಪನ್ನು ಅದು ತಿದ್ದದು, ಕೇಳದು. ಆದಕಾರಣ ಅಂದು ಅಚ್ಚುಕೂಟದಲ್ಲಿ ನಡೆಯುತ್ತಿದ್ದ ಓದು ಇಂದು ಮನೆಯಲ್ಲಿಯೇ ನಡೆಯಬೇಕು.

ಅಕ್ಷರವು ಒಡೆಯುವುದೇಕೆ?

ಮನೆಯಲ್ಲಿ ಚೆನ್ನಾಗಿ ಕಂಡ ಕನ್ನಡವು ಮುದ್ರಣಾಲಯದಲ್ಲಿ ತೆರೆದಾಗ ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುವುದುಂಟು. ಇದಕ್ಕೆ ಕಾರಣ ಹೀಗಿದೆ. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳನ್ನು ರೋಮನ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕೂಡಿಸಲಾಗಿತ್ತು. ಆ ಫಾಂಟು ಇಲ್ಲದ ಗಣಕಯಂತ್ರಕ್ಕೆ ಅಲ್ಲಿರುವುದು ಕನ್ನಡವೆಂಬ ಅರಿವೇ ಆಗದು. 1991ರಲ್ಲಿ ಹೊರಬಂದ ಯೂನಿಕೋಡ್ ವ್ಯವಸ್ಥೆಯಲ್ಲಾದರೋ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ವಿಭಾಗವಿದೆ. ಹೊಸದಾಗಿ ಬರೆಯುವವರು ಯೂನಿಕೋಡ್ ಬಳಸುವುದೇ ಲೇಸು.

ಆದರೂ ಎಚ್ಚರ ತಪ್ಪಬಾರದು. ಹಳೆಯ ಪೇಜ್‌ಮೇಕರ್ ತಂತ್ರಾಂಶವು ಯೂನಿಕೋಡನ್ನು ಅರಿಯದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಎಂಬ ಕಂಪೋಸರನ್ನು ಆರಿಸದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲಬಹುದು. ಒಂದು ಬಗೆಯಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವೊತ್ತು ಸ್ಥಳ ಬದಲಿಸುವುದುಂಟು. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗುವುದುಂಟು. ‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಎಂದು ಅಂಟಿಕೊಳ್ಳುವುದುಂಟು. ಒತ್ತೊಂದು ಬಿದ್ದುಹೋದರೆ ಬಸಪ್ಪನವರು ‘ಬಸಪ’ ಆಗುವರು. ದೀರ್ಘವೊಂದು ಹೆಚ್ಚಾಗಿ ಸೇರಿದರೆ ದೇವರಿಗಿಟ್ಟ ಮೊರೆಯು ‘ಮೋರೆ’ ಆಗುವುದು. ಆದುದರಿಂದ ಪರಿವರ್ತಿಸಿದ ಪಠ್ಯವನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಮರಳಿ ಓದಲೇಬೇಕು.

ಯಾವ ರೂಪದಲ್ಲಿ ಕೊಡಬೇಕು?

ವರ್ಡ್ ಕಡತವನ್ನು ಹಾಗೆಯೇ ಕೊಟ್ಟರೆ ಬೇರೊಂದು ಯಂತ್ರದಲ್ಲಿ ಸಾಲುಗಳು ಸರಿದು ಪುಟಗಳು ಏರುಪೇರಾಗುವ ಸಂಭವವಿದೆ. ಪುಟವಿನ್ಯಾಸ ಮುಗಿದ ಮೇಲೆ ಪಿಡಿಎಫ್ ರೂಪದಲ್ಲಿ ಕೊಡುವುದು ಯುಕ್ತ. ಅದರೊಳಗೆ ಫಾಂಟುಗಳೂ ಅಡಕವಾಗಿರಬೇಕು. ಅಕ್ರೋಬ್ಯಾಟ್ ರೀಡರಿನಲ್ಲಿ ಕಡತವನ್ನು ತೆರೆದು, ಪ್ರಾಪರ್ಟೀಸ್ ಎಂಬಲ್ಲಿ ಫಾಂಟ್ಸ್ ಪಟ್ಟಿಯನ್ನು ನೋಡಿದರೆ ಪ್ರತಿಯೊಂದು ಫಾಂಟಿನ ಮುಂದೆ ‘ಎಂಬೆಡೆಡ್’ ಎಂದಿದೆಯೇ ಎಂಬುದು ತಿಳಿಯುತ್ತದೆ. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ರೇಖಾರೂಪಕ್ಕೆ, ಅಂದರೆ ಕರ್ವ್ಸ್‌ಗೆ, ತಿರುಗಿಸಿ ಕೊಡುವ ಪದ್ಧತಿಯೂ ಇದೆ. ಹಾಗೆ ಮಾಡಿದ ಮೇಲೆ ಒಂದು ಅಕ್ಷರವನ್ನೂ ಪಠ್ಯವಾಗಿ ತಿದ್ದಲು ಬಾರದು. ಆದ್ದರಿಂದ ಮೂಲ ಪ್ರತಿಯನ್ನು ಬೇರೆಯಾಗಿ ಕಾಪಾಡಿಕೊಳ್ಳತಕ್ಕದ್ದು.

ಅಳತೆಯ ವಿಚಾರ

ಕಡತದ ಪುಟವು ಮುದ್ರಿತ ಪುಟದ ಅಳತೆಯಲ್ಲಿಯೇ ಇರಬೇಕು. ಡೆಮಿ 1/8 ಆಕಾರದ ಪುಸ್ತಕವು ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ ಇರುತ್ತದೆ. ಎ5 ಎಂದರೆ 148 ಮತ್ತು 210 ಮಿಲಿಮೀಟರು. ಬಣ್ಣ ಅಥವಾ ಚಿತ್ರವು ಪುಟದ ಅಂಚಿನವರೆಗೂ ಬರಬೇಕಾದರೆ ನಾಲ್ಕೂ ಕಡೆ 3 ಮಿಲಿಮೀಟರು ಹೊರಗೆ ಚಾಚಿರಬೇಕು. ಇದಕ್ಕೆ ಬ್ಲೀಡ್ ಎನ್ನುವರು. ಆಗ ಎ5 ಪುಟವು 154 ಮತ್ತು 216 ಮಿಲಿಮೀಟರು ಆಗುತ್ತದೆ. ಕತ್ತರಿಸುವ ಯಂತ್ರವು ಕೂದಲೆಳೆಯಷ್ಟು ಸರಿದರೂ ಬಿಳಿಯ ಗೆರೆ ಕಾಣದಿರಲೆಂದು ಈ ಏರ್ಪಾಡು. ಅಕ್ಷರಗಳಾದರೋ ಅಂಚಿನಿಂದ ಒಳಗೆ, ಹೊಲಿಗೆಯ ಕಡೆ ಇನ್ನೂ ಒಳಗೆ ಇರಬೇಕು. ನಡುವೆ ಪಿನ್ನು ಹೊಡೆಯುವ ಸಂಚಿಕೆಯ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗತಕ್ಕದ್ದು. ಪುಸ್ತಕವಾದರೆ 16 ಪುಟಗಳ ಫಾರಂ ಲೆಕ್ಕವನ್ನು ಮುದ್ರಕರೊಡನೆ ಮೊದಲೇ ಮಾತಾಡಿಕೊಳ್ಳುವುದು ಮೇಲು.

ಭಾವಚಿತ್ರ ಮತ್ತು ಬಣ್ಣ

ಶಿವೈಕ್ಯರಾದ ಹಿರಿಯರ ಭಾವಚಿತ್ರವು ಒಂದೇ ಒಂದು ಪ್ರತಿ ಉಳಿದಿರುವ ಮನೆಗಳು ಬಹಳ. ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಅಚ್ಚಿನಲ್ಲಿ ಮುಖವು ಮಸುಕಾಗುತ್ತದೆ. ಮುದ್ರಣಕ್ಕೆ ಅಂಗುಲವೊಂದಕ್ಕೆ 300 ಬಿಂದುಗಳಿರಬೇಕೆಂಬುದು ರೂಢಿಯ ನಿಯಮ. ಆರು ಅಂಗುಲ ಅಗಲದ ಚಿತ್ರಕ್ಕೆ 1800 ಬಿಂದುಗಳು ಬೇಕಾಗುತ್ತವೆ. ಎರಡು ಅಂಗುಲದ ಹಳೆಯ ಚಿತ್ರವನ್ನು ನಾಲ್ಕು ಅಂಗುಲವಾಗಿ ಅಚ್ಚು ಮಾಡಬೇಕಾದರೆ 600ರಲ್ಲಿ ಸ್ಕ್ಯಾನ್ ಮಾಡಿಸಬೇಕು. ಚಿಕ್ಕ ಚಿತ್ರವನ್ನು ಗಣಕಯಂತ್ರದಲ್ಲಿ ಎಳೆದು ಹಿಗ್ಗಿಸುವುದರಿಂದ ಇಲ್ಲದ ವಿವರವು ಹುಟ್ಟಿಬರುವುದಿಲ್ಲ. ವಾಟ್ಸಾಪಿನಲ್ಲಿಯೇ ಕಳುಹಿಸುವುದಾದರೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ದು ಕೊಡಿ.

ಪರದೆಯ ಬಣ್ಣವು ಬೆಳಕಿನಿಂದಾದುದು. ಕೆಂಪು, ಹಸಿರು, ನೀಲಿ ಇವು ಅದರ ಮೂಲ. ಕಾಗದದ ಬಣ್ಣವು ಶಾಯಿಯಿಂದಾದುದು. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಬೆರಕೆಯಿಂದ ಅದು ಮೂಡುತ್ತದೆ. ಬೆಳಕಿನಲ್ಲಿ ಕಂಡ ಎಲ್ಲ ಬಣ್ಣಗಳನ್ನೂ ಶಾಯಿಯು ತೋರಲಾರದು. ಪರದೆಯ ಮೇಲೆ ಥಳಥಳಿಸಿದ ಕಾವಿಯ ಬಣ್ಣ ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಕಡತವನ್ನು ಮೊದಲೇ ಈ ನಾಲ್ಕು ಶಾಯಿಗಳ ಕ್ರಮಕ್ಕೆ, ಅಂದರೆ ಸಿಎಂವೈಕೆಗೆ, ತಿರುಗಿಸಿ ನೋಡಿದರೆ ಕೊನೆಗೆ ನಿರಾಶೆಯಾಗದು. ಸಣ್ಣ ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಲಿ. ನಾಲ್ಕನ್ನೂ ಬೆರೆಸಿದ ಕಪ್ಪಾದರೆ ಒಂದು ಶಾಯಿ ತುಸು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಮೂಡುತ್ತದೆ.

ಕರಡಚ್ಚು ಓದುವ ಕ್ರಮ

ಇಷ್ಟೆಲ್ಲ ಸಿದ್ಧವಾದರೂ ಓದದೆ ಒಪ್ಪಿಗೆ ಕೊಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಪರದೆಯ ಮೇಲೆ ಕಣ್ಣು ಜಾರುತ್ತದೆ. ಕಾಗದದ ಮೇಲೆ ತೆಗೆದು ಓದಬೇಕು. ಮಠದ ಪಾಠಶಾಲೆಗಳಲ್ಲಿ ಪ್ರತಿಯನ್ನು ಒಪ್ಪನೋಡುವಾಗ ಒಬ್ಬರು ಗಟ್ಟಿಯಾಗಿ ಓದುವರು, ಇನ್ನೊಬ್ಬರು ಬೆರಳಿಟ್ಟು ನೋಡುವರು. ಮನೆಯಲ್ಲಿಯೂ ಈ ಕ್ರಮವನ್ನು ಅನುಸರಿಸಬಹುದು. ಬರೆದವರೇ ಓದಿದರೆ ಮನಸ್ಸಿನಲ್ಲಿರುವುದೇ ಕಣ್ಣಿಗೆ ಕಾಣುತ್ತದೆ. ಆದುದರಿಂದ ಬರೆಯದವರೊಬ್ಬರು ಓದಲಿ. ಹೆಸರುಗಳನ್ನು ಆಯಾ ಹಿರಿಯರಿಗೇ ತೋರಿಸಿ. ತಿಥಿ, ವಾರ, ದಿನಾಂಕಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪಂಚಾಂಗವನ್ನಿಟ್ಟುಕೊಂಡು ನೋಡಿ. ದೂರವಾಣಿ ಸಂಖ್ಯೆಗೆ ಒಮ್ಮೆ ಕರೆ ಮಾಡಿಯೇ ಖಾತ್ರಿಪಡಿಸಿಕೊಳ್ಳಿ. ಒಂದು ತಪ್ಪನ್ನು ತಿದ್ದುವಾಗ ಪಕ್ಕದಲ್ಲಿ ಇನ್ನೊಂದು ಹುಟ್ಟಬಹುದಾದ್ದರಿಂದ ತಿದ್ದಿದ ಸಾಲನ್ನು ಪೂರ್ತಿಯಾಗಿ ಮತ್ತೆ ಓದಿ.

ಕಡತಗಳಿಗೆ ‘ಅಂತಿಮ’, ‘ಅಂತಿಮ ಎರಡು’ ಎಂದು ಹೆಸರಿಟ್ಟರೆ ಯಾವುದು ನಿಜವಾದ ಅಂತಿಮವೆಂಬುದು ಯಾರಿಗೂ ತಿಳಿಯದು. ದಿನಾಂಕವನ್ನು ಹೆಸರಿನಲ್ಲಿಯೇ ಸೇರಿಸಿ, ಕೊನೆಯದೊಂದನ್ನೇ ಮುದ್ರಣಾಲಯಕ್ಕೆ ಕೊಡಿ. ಮನೆಯ ಪರವಾಗಿ ಒಬ್ಬರೇ ಒಪ್ಪಿಗೆ ಕೊಡಲಿ. ಅವರು ಕರಡಚ್ಚಿನ ಮೇಲೆ ರುಜು ಹಾಕಿ ದಿನಾಂಕ ಬರೆಯಲಿ. ನಾಲ್ವರು ನಾಲ್ಕು ಬಗೆಯ ತಿದ್ದುಪಡಿಗಳನ್ನು ದೂರವಾಣಿಯಲ್ಲಿ ಹೇಳಿದರೆ ಮುದ್ರಕರಾದರೂ ಏನು ಮಾಡಿಯಾರು?

ಲಗ್ನಪತ್ರಿಕೆಯನ್ನು ಬಂಧುಗಳು ದೇವರ ಮನೆಯಲ್ಲಿಡುವರು. ಸ್ಮರಣ ಸಂಚಿಕೆಯನ್ನು ಮೊಮ್ಮಕ್ಕಳು ಮುಂದೊಂದು ದಿನ ತೆರೆದು ನೋಡುವರು. ಅಲ್ಲಿ ಅಜ್ಜನ ಹೆಸರು ತಪ್ಪಾಗಿದ್ದರೆ ಆ ತಪ್ಪೇ ಅವರ ಪಾಲಿಗೆ ದಾಖಲೆಯಾಗುತ್ತದೆ. ಸಾವಿರ ಪ್ರತಿಗಳು ಮನೆಮನೆಗೆ ಹೋದ ಮೇಲೆ ಅವುಗಳನ್ನು ಮರಳಿ ತರಿಸಿ ತಿದ್ದುವುದು ಯಾರಿಂದಲೂ ಆಗದು. ಕರಡಚ್ಚನ್ನು ತಾಳ್ಮೆಯಿಂದ ಓದಲು ಬೇಕಾಗುವುದು ಒಂದು ಸಂಜೆ ಮಾತ್ರ. ಅದೂ ಕಾಯಕವೇ ಎಂದು ಭಾವಿಸಿ ಗೃಹಸ್ಥರು ಆ ಒಂದು ಸಂಜೆಯನ್ನು ಅದಕ್ಕಾಗಿ ಮೀಸಲಿಡಲೆಂದು ನಾವು ಹಾರೈಸುತ್ತೇವೆ.